ಸಾಸ್: ನೀಲಗಂಗವ್ವ, ಬನವಾಸಿ

೧

ಎಲ್ಲಿಂದ ಶುರು ಮಾಡಲಿ? ಬಾಣಲೆಯಿಂದ ಶುರು ಮಾಡಿದರೆ ನಿಮಗೆ ಹಸಿವಾಗಿ ಎದ್ದು ಹೋಗುತ್ತೀರಿ. ಪರಿಸರದಿಂದ ಶುರು ಮಾಡಿದರೆ ಭಾಷಣವಾಗುತ್ತದೆ, ಆಗಲೂ ಎದ್ದು ಹೋಗುತ್ತೀರಿ. (ಮೊದಲ ಡ್ರಾಫ್ಟ್ ಹಾಗೇ ಇತ್ತು: 'ಹಸಿರು ನಾಳೆಗಾಗಿ ಒಂದು ಪುಟ್ಟ ಹೆಜ್ಜೆ...' ಹರಿದು ಹಾಕಿದೆ. ಪರಿಸರದ ಹೆಸರಿನಲ್ಲಿ ಎರಡು ಹಾಳೆ ದಂಡ.)

ಮತ್ತೆ ೧

ಬೋರ್ಡಿನಿಂದ ಶುರು ಮಾಡುತ್ತೇನೆ. ಶಿರಸಿಯಲ್ಲಿ ದಿವ್ಯಾ ಎಂಬವಳದ್ದು ಒಂದು ಫಾಸ್ಟ್‌ಫುಡ್ ಅಂಗಡಿ. ಅಲ್ಲಿಯ ವಿಶೇಷ ಬಾಳೆಕಾಯಿ ಮಂಚೂರಿ. ಎದುರಿಗೇ ಕರಿಹಲಗೆ, ಅದರಲ್ಲಿ ಸೀಮೆಸುಣ್ಣದಿಂದ ತಿಂಡಿಗಿಂತ ದೊಡ್ಡದಾಗಿ, ಒಂದೊಂದನ್ನೂ ಮಾಡಿಕೊಡುವವರ, ಬೆಳೆದುಕೊಡುವವರ ಹೆಸರುಗಳು:

ಬಾಳೆಕಾಯಿ: ಬೈರ, ತ್ಯಾಗಲಿ
ಅಡಿಕೆ ಹಾಳೆ ತಟ್ಟೆ: ಮಂಜಪ್ಪ, ಭೈರುಂಬೆ
ಅನಾನಸ್ ಸಾಸ್: ನೀಲಗಂಗವ್ವ, ಬನವಾಸಿ

ಗಿರಾಕಿಗಳು ತಟ್ಟೆ ಬರುವತನಕ ಇದನ್ನೇ ಓದುತ್ತಾರೆ. ಪ್ಲಾಸ್ಟಿಕ್ಕಿಗೆ ಒಳಗೆ ಪ್ರವೇಶವಿಲ್ಲ. ಪಾರ್ಸೆಲ್ ಬೇಕಾದರೆ ಮನೆಯಿಂದ ಡಬ್ಬಿ ತರಬೇಕು. ನಾನೊಮ್ಮೆ ಮರೆತು ಹೋಗಿ ಚೆನ್ನಾಗಿ ಬೈಸಿಕೊಂಡಿದ್ದೇನೆ.

೨

ಈಗ ತಪ್ಪು ನಡೆಯಬೇಕು. ತಿಂಗಳ ಹಿಂದೆ ನೀಲಗಂಗವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡರು. ಸಾಸ್ ಬರುವುದು ನಿಂತಿತು. ದಿವ್ಯಾ ಪೇಟೆಯಿಂದ ಐದು ಲೀಟರಿನ ಸಾಸ್ ಕ್ಯಾನ್ ತಂದಳು. ಪ್ಲಾಸ್ಟಿಕ್ ಕ್ಯಾನ್. ಮೇಜಿನ ಕೆಳಗಿಟ್ಟು ಗೋಣಿಚೀಲ ಮುಚ್ಚಿದಳು. ಬೋರ್ಡಿನಲ್ಲಿ ಹೆಸರು ಮಾತ್ರ ಹಾಗೇ ಉಳಿಯಿತು.

'ಮೋಸ' ಎಂದು ಬರೆದೆ. ದಿವ್ಯಾ ಕಥೆ ಬಿಟ್ಟು ನನ್ನೊಡನೆ ಜಗಳಕ್ಕೆ ನಿಂತಳು.

"ಎಂತ ಮೋಸ? ಒರೆಸ್ಲಿಕ್ಕೆ ಹೋಗಿದ್ದೆ ನಾನು, ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಆಸ್ಪತ್ರೇಲಿ ಮಲಗಿದವ್ರ ಹೆಸ್ರು ಯಾರಾದ್ರೂ ಒರೆಸ್ತಾರ? ಅಪಶಕುನ ಅಲ್ದ ಅದು? ನಿಮ್ಮ ಕೈಲಿ ಆಗ್ತಿತ್ತ?"

"ಹಾಗಾದರೆ ಗೋಣಿಚೀಲ ಯಾಕೆ ಮುಚ್ಚಿದೆ?"

ಅವಳು ಬಾಣಲೆಯ ಕಡೆ ತಿರುಗಿದಳು. ಬಾಳೆಕಾಯಿ ತುಂಡುಗಳನ್ನು ಮಗುಚತೊಡಗಿದಳು. ನನಗೆ ಪಾಪ ಅನ್ನಿಸಿತು. 'ಮೋಸ' ಹೊಡೆದುಹಾಕಿದೆ. ಬದಲಿಗೆ ಯಾವ ಪದ ಹಾಕಬೇಕೆಂದು ತಿಳಿಯದೆ ಜಾಗ ಖಾಲಿ ಬಿಟ್ಟಿದ್ದೇನೆ.

೪

(೩ ಇಲ್ಲ. ಅದರಲ್ಲಿ ಬರೀ ಅನಾನಸಿನ ಪರಿಮಳದ ವರ್ಣನೆ ಇತ್ತು. ನೀವು ಬಚಾವಾದಿರಿ.)

ಒಂದು ಮಧ್ಯಾಹ್ನ ನೀಲಗಂಗವ್ವ ಬಂದರು. ಕೈಯ ಪ್ಲಾಸ್ಟರನ್ನು ಡಾಕ್ಟರಿಗೆ ತೋರಿಸಲು ಬಸ್ಸು ಹತ್ತಿ ಶಿರಸಿಗೆ ಬಂದವರು. ಕಾಲೇಜು ಹುಡುಗಿಯರು ಸರಿದು ಬೆಂಚಿನಲ್ಲಿ ಜಾಗ ಕೊಟ್ಟರು. ಅಕ್ಷರ ಅಕ್ಷರ ಕೂಡಿಸಿಕೊಂಡು ಬೋರ್ಡು ಓದಿದರು. ತಮ್ಮ ಹೆಸರು ಬಂದಾಗ ಮುಖ ಅರಳಿತು.

"ನಾ ಕೊಟ್ಟಿದ್ದು ಇನ್ನೂ ಐತೇನವಾ ತಂಗಿ? ಭಾಳ ಹಿಡಿತದಾಗ ಬಳಸೀ ಬಿಡು. ಒಂದ್ ಪ್ಲೇಟ್ ಕೊಡು."

ಆಗಲಾದರೂ ದಿವ್ಯಾ ನಿಜ ಹೇಳಬಹುದಿತ್ತು. ಎದುರಿಗೆ ಅಷ್ಟು ಗಿರಾಕಿಗಳು. ಹೌದೆಂಬಂತೆ ತಲೆ ಆಡಿಸಿ ಮಂಚೂರಿ ಕೊಟ್ಟಳು. ನೀಲಗಂಗವ್ವ ಎಡಗೈಯಲ್ಲಿ ಒಂದು ತುಂಡು ಬಾಯಿಗಿಟ್ಟರು. ಅಗಿಯುವುದು ನಿಧಾನವಾಯಿತು. ನಿಂತಿತು.

ಅಂತ್ಯ ಕ: ನೀಲಗಂಗವ್ವ ಕೂಗಾಡುತ್ತಾರೆ, ಗಿರಾಕಿಗಳು ಎದ್ದು ಹೋಗುತ್ತಾರೆ, ಅಂಗಡಿಗೆ ಬೀಗ. ಇದಕ್ಕೆ ನೀಲಗಂಗವ್ವನವರೇ ಒಪ್ಪಲಿಲ್ಲ. "ಹೆಣ್ಮಗಳು ಕಟ್ಟಿದ ಅಂಗಡಿ ಮುರಿಯಾಕ ನಾ ಬಸ್ ಹತ್ತಿ ಬಂದೀನೇನ್ರಿ?"

ಅಂತ್ಯ ಖ: 'ನಂದೇ ರುಚಿ' ಎಂದು ಸುಳ್ಳು ಹೇಳಿ ದಿವ್ಯಾಳ ತಲೆ ಸವರುತ್ತಾರೆ. (ಇದನ್ನು ಬರೆಯುವಾಗ ನನ್ನ ಕಣ್ಣು ತುಂಬಿತ್ತು, ನಾಚಿಕೆಗೇಡು.) ದಿವ್ಯಾ ಒಪ್ಪಲಿಲ್ಲ. "ಬ್ಯಾಡ. ಹಂಗೆ ಅಂದ್ರೆ ನಾಳೆನೂ ಅದೇ ಕ್ಯಾನ್ ತರ್ತೆ ನಾನು."

೫

ಆದದ್ದು ಇಷ್ಟು. ನೀಲಗಂಗವ್ವ ಒದ್ದೆ ಬಟ್ಟೆ ಕೇಳಿದರು. ಕೈ ಒರೆಸಿಕೊಳ್ಳಲಿಕ್ಕೆ ಎಂದುಕೊಂಡು ದಿವ್ಯಾ ಕೊಟ್ಟಳು. ಅವರು ಎದ್ದು ಹೋಗಿ ಬೋರ್ಡಿನ ಮೇಲಿದ್ದ ತಮ್ಮ ಹೆಸರನ್ನು ಒರೆಸತೊಡಗಿದರು. ಎಡಗೈ, ಸರಿಯಾಗಿ ಹೋಗಲಿಲ್ಲ, ಮತ್ತೆ ತಿಕ್ಕಿದರು.

"ಅಯ್ಯೋ, ಬ್ಯಾಡ ಅಮಾ!" ದಿವ್ಯಾ ಓಡಿ ಬಂದಳು.

"ನಾ ಸತ್ತಿಲ್ಲವಾ. ಕೈ ಮುರದೈತಿ ಅಷ್ಟ. ಈಗ ಇದು ಎಲ್ಲಿಂದ ಬಂದೈತಿ, ಅದನ್ನ ಬರಿ."

ದಿವ್ಯಾ ಅಳುತ್ತಲೇ ಬರೆದಳು: 'ಸಾಸ್: ಪೇಟೆಯದು. ಪ್ಲಾಸ್ಟಿಕ್ ಕ್ಯಾನ್.' ಎಲ್ಲರೂ ಓದಿದರು. ಯಾರೂ ಎದ್ದು ಹೋಗಲಿಲ್ಲ. ಹುಡುಗಿಯೊಬ್ಬಳು, "ಅಕ್ಕಾ, ನಂಗೆ ಸಾಸ್ ಬ್ಯಾಡ, ಹಂಗೇ ಕೊಡಿ" ಅಂದಳು.

೬

ಇಲ್ಲಿಗೆ ಮುಗಿಸಿ ಪೆನ್ನು ಮುಚ್ಚಿದ್ದೆ. ನೀಲಗಂಗವ್ವ ನನ್ನ ಕಡೆ ತಿರುಗಿದರು.

"ನೀವೂ ಕಥಿ ಮ್ಯಾಲ ನನ್ನ ಹೆಸರು ಹಾಕೀರಿ. ಒಳಗಿನ ಮಾತು ಯಾರ್ದ್ರಿ?"

ಒಪ್ಪಿಕೊಳ್ಳುತ್ತೇನೆ. ಆ ದಿನ ನಾನು ಮೂಲೆಯ ಬೆಂಚಿನಲ್ಲಿದ್ದೆ. ಅವರು ಒರೆಸಿದ್ದು ಕಂಡೆ, ಒರೆಸುತ್ತ ದಿವ್ಯಾಳಿಗೆ ಮೆಲ್ಲಗೆ ಏನೋ ಹೇಳಿದ್ದೂ ಕಂಡೆ. ಒಲೆಯ ಭರಾಟೆಯಲ್ಲಿ ಒಂದು ಮಾತೂ ಕೇಳಿಸಲಿಲ್ಲ. ದಿವ್ಯಾಳನ್ನು ಕೇಳಿದರೆ ಇವತ್ತಿಗೂ ಹೇಳುವುದಿಲ್ಲ. 'ನಾ ಸತ್ತಿಲ್ಲವಾ' ಎಂದು ನೀವು ಮೆಚ್ಚಿಕೊಂಡಿರಲ್ಲ, ಅದು ಅವರದ್ದಲ್ಲ, ಆ ಕ್ಯಾನಿನ ಹಾಗೆ ನಾನೇ ಪೇಟೆಯಿಂದ ತಂದು ಹಾಕಿ ಗೋಣಿಚೀಲ ಮುಚ್ಚಿದ್ದು.

ಹಾಗಾದರೆ ತಲೆಬರಹದಿಂದ ಹೆಸರು ಒರೆಸಬೇಕು. ಒದ್ದೆ ಬಟ್ಟೆ ಹಿಡಿದು ಕೂತಿದ್ದೇನೆ, ಕೈ ಏಳುತ್ತಿಲ್ಲ. ದಿವ್ಯಾ ನನ್ನನ್ನೇ ನೋಡುತ್ತಿದ್ದಾಳೆ. ಅವರ ಕೈ ಕೂಡಿತೇ, ಸಾಸ್ ಮತ್ತೆ ಬಂತೇ ಎಂದು ನೀವು ಕೇಳುತ್ತೀರಿ. ಬೋರ್ಡಿನಲ್ಲಿ ಇನ್ನೂ ಬರೆದಿಲ್ಲ. ಸದ್ಯಕ್ಕೆ ನನ್ನ ಕಥೆಯ ಕೆಳಗೆ ಇಷ್ಟನ್ನು ಸೇರಿಸುತ್ತೇನೆ:

ಹೆಸರು: ನೀಲಗಂಗವ್ವ, ಬನವಾಸಿ.
ಮಾತು: ಪೇಟೆಯದು.