ರೊಟ್ಟಿ ಬಡಿಯುವ ಸದ್ದು

ನಮ್ಮ ಗುಂಡ್ಯಾನನ್ನು ಕರೆಯುವುದೂ ಒಂದೇ, ತುಂಗಭದ್ರೆಯನ್ನು ಕರೆಯುವುದೂ ಒಂದೇ. ಎರಡೂ ತಮ್ಮ ಪಾಡಿಗೆ ತಾವು ಹೋಗುತ್ತಿರುತ್ತವೆ. ವರ್ಷ ತುಂಬದ ನಾಯಿ. ಚಿಟ್ಟೆ ಹಾರಿದರೆ ಅದರ ಹಿಂದೆ, ಪ್ಲಾಸ್ಟಿಕ್ ಚೀಲ ಹಾರಿದರೆ ಅದರ ಹಿಂದೆ. ಹಮ್ಮಿಗಿಯ ಓಣಿಯಲ್ಲಿ ನಾನು ಗಂಟಲು ಹರಿದುಕೊಂಡರೆ ಎದುರು ಮನೆಯವರು ಬಾಗಿಲು ತೆರೆದು ನೋಡುತ್ತಿದ್ದರು, ಅದು ಕಿವಿ ಕೂಡ ಅಲ್ಲಾಡಿಸುತ್ತಿರಲಿಲ್ಲ.

ಹುಡುಗಾಟ ಅಂತ ಬಿಡಬಹುದಿತ್ತು. ಆದರೆ ಸುಗ್ಗಿ ಮುಗಿದ ಮೇಲೆ ಗೊಬ್ಬರಕ್ಕಾಗಿ ನಮ್ಮ ಹೊಲದಲ್ಲಿ ಕುರಿಗಾರ ಸಕ್ರಪ್ಪನ ಕುರಿ ನಿಲ್ಲಿಸುತ್ತೇವೆ. ಹೋದ ತಿಂಗಳು ಅವನ ಹಿಂಡು ಊರು ಹಾದುಹೋಗುವಾಗ ಗುಂಡ್ಯಾ ಒಳಗೆ ನುಗ್ಗಿ ಗಬ್ಬದ ಕುರಿಗಳನ್ನು ದಿಕ್ಕಾಪಾಲು ಓಡಿಸಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರ ಹೊಲ ನೋಡಿಕೊಳ್ಳುತ್ತೇನೆ ಅಂದು ಹೋದ ಸಕ್ರಪ್ಪ. ನನ್ನ ಗಂಡ ನಂದೀಶ ಅಂದೇ ತೀರ್ಮಾನ ಮಾಡಿಬಿಟ್ಟ. ಕುರಿ ಬರುವ ದಿನ ಕರೆದಾಗ ಬರದಿದ್ದರೆ ನಾಯಿಯನ್ನು ಗದಗದಲ್ಲಿರುವ ಅವನ ಸೋದರಮಾವನ ಗೋದಾಮಿಗೆ ಕೊಟ್ಟುಬಿಡುವುದು. ಅಲ್ಲಿ ಹಗಲೂ ರಾತ್ರಿ ಸರಪಳಿ. ಓಡುವುದೊಂದೇ ಗೊತ್ತಿರುವ ಜೀವ ಅದು.

ತಪ್ಪು ಯಾರದು ಅಂತೀರಿ? ನಾವು ಅದನ್ನು ಕರೆಯುತ್ತಿದ್ದದ್ದೇ ಕಟ್ಟಿಹಾಕಲು, ಇಲ್ಲ ಬೈಯಲು. ಹಾಗೆ ಕರೆದರೆ ನಾನಾದರೂ ಬರುತ್ತಿರಲಿಲ್ಲ. ಆದರೆ ದಿನಾ ಬೆಳಗ್ಗೆ ನಾನು ರೊಟ್ಟಿ ಬಡಿಯಲು ಕೂತರೆ ಸಾಕು, ಎಲ್ಲಿದ್ದರೂ ಬಂದು ಹೊಸ್ತಿಲಲ್ಲಿ ಹಾಜರು. ಮೊದಲ ರೊಟ್ಟಿಯಲ್ಲಿ ನಾಯಿಗೊಂದು ತುಣುಕು ಅನ್ನುವುದು ನಮ್ಮ ಮನೆಯ ಪದ್ಧತಿ. ಆ ಸದ್ದು ಅದಕ್ಕೆ ಎಂದೂ ಸುಳ್ಳು ಹೇಳಿರಲಿಲ್ಲ.

ಹಳೆಯ ಮಣೆಯೊಂದನ್ನು ಹುಡುಕಿದೆ. ಅಂಗಳದಲ್ಲಿ ಕೂತು ಅಂಗೈಯಿಂದ ತಪತಪ ಬಡಿದೆ. ಬಂತು. ರೊಟ್ಟಿ ಕೊಟ್ಟು, ಕಟ್ಟದೆ, ಹೋಗಲೇ ಅಂತ ಬಿಟ್ಟೆ. ಆಮೇಲೆ ಓಣಿಯಲ್ಲಿ, ಆಮೇಲೆ ಕೋಳಿಗಳಿರುವ ಹಿತ್ತಲಲ್ಲಿ, ಆಮೇಲೆ ಹೊಳೆಯ ದಂಡೆಯಲ್ಲಿ. ಸುನಿತಾಗೆ ತಲೆ ಕೆಟ್ಟಿದೆ, ಹಿಟ್ಟಿಲ್ಲದೆ ರೊಟ್ಟಿ ಬಡಿಯುತ್ತಾಳೆ ಅಂತ ಊರು ಆಡಿಕೊಂಡಿತು. ಆಡಿಕೊಳ್ಳಲಿ, ನಾಯಿ ಬರುತ್ತಿತ್ತಲ್ಲ.

ಅಷ್ಟರಲ್ಲಿ ನಮ್ಮತ್ತೆ ಶೇಖವ್ವ ಒಂದು ಘನಕಾರ್ಯ ಮಾಡಿದರು. ನಾನು ಮುಂಡರಗಿ ಸಂತೆಗೆ ಹೋದಾಗ ಮಣೆ ಬಡಿದು ಗುಂಡ್ಯಾನನ್ನು ಕರೆದು, ಗಪ್ಪನೆ ಹಿಡಿದು, ತಣ್ಣೀರು ಸುರಿದು ಜಳಕ ಮಾಡಿಸಿದ್ದರು. ನಾನು ಬಂದಾಗ ನಾಯಿ ಬಣವೆಯ ಹಿಂದಿತ್ತು. ಮಣೆ ಮುಟ್ಟಿದರೆ ಇನ್ನೂ ದೂರ. ಒಂದು ತುಣುಕು ರೊಟ್ಟಿಯನ್ನಾದರೂ ಕೊಡಬಾರದಿತ್ತೇ ಅಂದರೆ, ಜಳಕ ಮಾಡಿಸಿದ್ದು ಸಾಲದೇ ಅಂದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮತ್ತೆ ಅಂಗಳದಿಂದ ಶುರು ಮಾಡಿದೆ. ಹೊಳೆಯ ದಂಡೆ ಮುಟ್ಟುವ ಮೊದಲೇ ಕುರಿ ಬಂದವು.

ಹೊಲದ ಬದುವಿನ ಮೇಲೆ ನಾವೆಲ್ಲ ನಿಂತಿದ್ದೆವು. ನಂದೀಶನ ಕೈಯಲ್ಲಿ ಹಗ್ಗ, ನನ್ನ ಕೈಯಲ್ಲಿ ಮಣೆ. ಕುರಿಗಳ ಕೊರಳ ಗಂಟೆ ಕೇಳಿದ್ದೇ ತಡ, ಗುಂಡ್ಯಾ ಓಟ ಕಿತ್ತಿತು. ಸಕ್ರಪ್ಪ ಬಡಿಗೆ ಎತ್ತಿದ. ನಾನು ನೆಲಕ್ಕೆ ಕೂತು ಬಡಿದೆ. ನಾಯಿ ನಿಂತಿತು. ಕುರಿಗಳನ್ನು ನೋಡಿತು, ನನ್ನನ್ನು ನೋಡಿತು, ನನ್ನ ಪಕ್ಕದಲ್ಲಿದ್ದ ಅತ್ತೆಯನ್ನು ನೋಡಿತು. ಅಲ್ಲೇ ನಿಂತುಬಿಟ್ಟಿತು. ಅತ್ತೆಗೆ ಅರ್ಥವಾಯಿತು. ಸೆರಗು ಎಳೆದುಕೊಂಡು ಸುಮ್ಮನೆ ಬೇವಿನ ಮರದ ಹಿಂದೆ ಹೋದರು. ನಾನು ಮತ್ತೆ ಬಡಿದೆ. ಬಂತು.

ರೊಟ್ಟಿ ಕೊಡುವಷ್ಟರಲ್ಲಿ ನಂದೀಶ ಹಗ್ಗ ಬಿಚ್ಚಿಕೊಂಡು ಬಂದ. ಬಂತಲ್ಲ, ಸಾಕು, ಕಟ್ಟಿಬಿಡೋಣ ಅಂದ.

"ಹಗ್ಗ ತಗಿರಿ," ಅಂದೆ. "ಈಗ ಕಟ್ಟಿದ್ರ ನಾಳಿ ಬರಂಗಿಲ್ಲ."

ಹೋಗಲೇ ಅಂತ ಗುಂಡ್ಯಾನನ್ನು ಬಿಟ್ಟೆ, ಕುರಿಗಳ ಕಡೆಗೇ. ನಂದೀಶ ತಲೆಯ ಮೇಲೆ ಕೈ ಹೊತ್ತ. ಅರ್ಧ ದಾರಿ ಹೋಗಲು ಬಿಟ್ಟು ಮಣೆ ಬಡಿದೆ. ನಾಯಿ ಗಕ್ಕನೆ ತಿರುಗಿ ಓಡೋಡಿ ಬಂತು. ನೋಡಿದರೆ ನನ್ನ ಬಳಿ ರೊಟ್ಟಿ ಮುಗಿದಿತ್ತು.

ಮರದ ಹಿಂದಿನಿಂದ ಅತ್ತೆ ಬಂದರು. ತಮ್ಮ ಬುತ್ತಿಯ ಗಂಟು ಬಿಚ್ಚಿ ಇಡೀ ರೊಟ್ಟಿಯನ್ನೇ ಮುಂದೆ ಹಿಡಿದರು. ನಾಯಿ ಹಿಂದೆ ಸರಿಯಿತು. ಆ ವಯಸ್ಸಿನಲ್ಲೂ ಹೆಂಗಸು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತರು.

"ಜಳಕ ಇಲ್ಲಪ್ಪಾ, ಖರೇನ ಇಲ್ಲ," ಅಂದರು. "ರೊಟ್ಟಿ ಅಷ್ಟ. ಬಾ."

ಗುಂಡ್ಯಾ ಮೂಸುತ್ತ ಮೂಸುತ್ತ ಹತ್ತಿರ ಹೋಯಿತು. ಸಕ್ರಪ್ಪ ಬಡಿಗೆ ಇಳಿಸಿ ಕುರಿಗಳನ್ನು ಹೊಲಕ್ಕೆ ಬಿಟ್ಟ. ನಂದೀಶ ಹಗ್ಗ ಸುತ್ತಿ, ಬದುವಿನ ಪಕ್ಕ ನಿಲ್ಲಿಸಿದ್ದ ನಮ್ಮ ಟ್ರ್ಯಾಕ್ಟರಿನೊಳಗೆ ಎಸೆದ.