ಐಸ್ ಪೆಟ್ಟಿಗೆಯ ಕೆಳಗಿನ ಹಲಗೆ

ಮಾರಾಟಕ್ಕಿಟ್ಟ ದೋಣಿಗೆ ಹೊಸ ಬಣ್ಣ ಬಳಿದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದಕ್ಕೂ ಬಳಿದಿದ್ದರು, ಕಣ್ಣು ಕುಕ್ಕುವ ನೀಲಿ. ನಲವತ್ತು ವರ್ಷ ದೋಣಿ ಬಡಗಿಯಾಗಿ ಸವೆದವನು ನಾನು, ಬಣ್ಣಕ್ಕೆ ಮರುಳಾಗುವವನಲ್ಲ. ಮಗಳು ಮಾತ್ರ ಆಗಲೇ ಅರ್ಧ ಮರುಳಾಗಿದ್ದಳು. ಹತ್ತು ವರ್ಷ ಗಂಡನ ಜೊತೆ ಕಂಡವರ ದೋಣಿಯಲ್ಲಿ ಬಲೆ ಎಳೆದವಳು, ಈಗ ಸ್ವಂತದ್ದೇ ಬೇಕೆಂದು ಹಟ ಹಿಡಿದಿದ್ದಳು.

"ನೀನು ಸೈ ಅಂದ್ರೆ ಮಾತ್ರ ಅಪ್ಪ. ಇಲ್ಲಾಂದ್ರೆ ಬೇಡ," ಎಂದಳು.

ದಡದಲ್ಲಿ ದಿಮ್ಮಿಗಳ ಮೇಲೆ ಕೂತಿದ್ದ ದೋಣಿಯ ಹೊಟ್ಟೆಗೆ ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಮರ ಟಕ್ ಎನ್ನುತ್ತದೆ, ಕೊಳೆತದ್ದು ದೊಬ್ ಎನ್ನುತ್ತದೆ. ಮುಂದೆ ತಟ್ಟಿದೆ, ನಡುವೆ ತಟ್ಟಿದೆ, ಹಿಂದೆ ತಟ್ಟಿದೆ. ಎಲ್ಲಾ ಕಡೆ ಒಂದೇ ಸದ್ದು. ಇಷ್ಟು ಹಳೇ ದೋಣಿಯಲ್ಲಿ ಅದು ಸಾಧ್ಯವೇ? ನನ್ನ ಕಿವಿಯೇ ಕೈಕೊಟ್ಟಿತ್ತು.

ಮಾರುವವನು ಹತ್ತಿರ ಬಂದು, "ಏನಣ್ಣಾ, ಕಲ್ಲಿನ ಹಾಗಿದೆ ಅಲ್ವಾ?" ಎಂದು ಜೋರಾಗಿ ಕೇಳಿದ.

ಹೂಂ ಎಂದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಕೊಂಡ ಮೇಲೆ ಮಗಳು, ಅಳಿಯ ಇದೇ ದೋಣಿಯಲ್ಲಿ ನಡುಗಡಲಿಗೆ ಹೋಗಬೇಕಿತ್ತು. ಥೂ, ಆ ಮರ್ಯಾದೆಗಿಷ್ಟು ಬೆಂಕಿ ಹಾಕ!

ಮಗಳನ್ನು ಆಚೆ ಬದಿಗೆ ಕರೆದೆ. "ನಂಗೆ ಸದ್ದಿನ ವ್ಯತ್ಯಾಸ ಗೊತ್ತಾಗ್ತಿಲ್ಲ ಕಣೇ," ಎಂದೆ.

"ಗೊತ್ತು. ಎರಡು ವರ್ಷದಿಂದ ಮನೇಲಿ ಎಲ್ರೂ ನಿನ್ನ ಹತ್ರ ಕಿರುಚ್ಕೊಂಡೇ ಮಾತಾಡ್ತಿಲ್ವಾ?"

"ಮತ್ತ್ಯಾಕೆ ಕರ್ಕೊಂಡು ಬಂದೆ, ತಲೆಹರಟೆ?"

"ಎಲ್ಲಿ ತಟ್ಬೇಕು ಅಂತ ನಿಂಗೆ ಗೊತ್ತಲ್ಲ. ಕೇಳೋಕೆ ನಾನಿದ್ದೀನಿ."

ಸುತ್ತಿಗೆಯನ್ನು ಅವಳ ಕೈಗಿಟ್ಟೆ. "ಐಸ್ ಪೆಟ್ಟಿಗೆ ಇರೋ ಜಾಗದ ಕೆಳಗೆ ತಟ್ಟು. ಉಪ್ಪುನೀರು ಮರ ಕಾಯುತ್ತೆ, ಕರಗಿದ ಐಸಿನ ಸಿಹಿನೀರು ತಿಂದ್ಬಿಡುತ್ತೆ."

ತಟ್ಟಿದಳು. ಇನ್ನೊಮ್ಮೆ ತಟ್ಟಿದಳು. ಅವಳ ಮುಖ ಸಪ್ಪಗಾಯಿತು. "ದೊಬ್ ಅಂತಿದೆ ಅಪ್ಪ."

ಅಲ್ಲಿಗೆ ಉಳಿ ಒತ್ತಿದೆ. ನೆನೆದ ಬ್ರೆಡ್ಡಿಗೆ ಇಳಿದ ಹಾಗೆ ಇಳಿಯಿತು.

"ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ!" ಎಂದ ಮಾರುವವನು.

"ನಿನ್ನ ಬಣ್ಣಕ್ಕೆ ಗೊತ್ತಿತ್ತು ಬಿಡಪ್ಪ," ಎಂದೆ.

ಅವಳಿಂದ ಸುತ್ತಲೂ ತಟ್ಟಿಸಿದೆ. ಕೆಟ್ಟದ್ದು ಎರಡೇ ಹಲಗೆ. ಆಮೇಲೆ ದೋಣಿಯೊಳಗಿಳಿದು, ಹಲಗೆಗಳನ್ನು ಹಿಡಿದಿದ್ದ ಬಾಗುಮರಗಳಿಗೆ ಒಂದೊಂದಾಗಿ ಉಳಿ ಒತ್ತಿದೆ. ಒಂದೂ ಜಗ್ಗಲಿಲ್ಲ. ಅವು ಗಟ್ಟಿಯಿದ್ದರೆ ಹಲಗೆ ಬದಲಾಯಿಸಿ ದೋಣಿ ಉಳಿಸಬಹುದು. ಅದಕ್ಕೆ ಕಿವಿ ಬೇಕಿಲ್ಲ, ಕೈ ಸಾಕು. ಎಷ್ಟು ಖುಷಿಯಾಯಿತೆಂದರೆ, ಏಳುವಾಗ ತಲೆ ತೊಲೆಗೆ ಬಡಿದದ್ದೂ ನೋಯಲಿಲ್ಲ.

"ಕೊಳ್ಳೋಣ್ವಾ?" ಕೆಳಗಿನಿಂದ ಮಗಳು ಕೂಗಿದಳು.

"ಕೊಳ್ಳೋಣ. ಹಲಗೆ ನಾನೇ ಬದಲಾಯಿಸ್ತೀನಿ. ನೀನು ತಟ್ಟಿ ನೋಡಿ ಸೈ ಅನ್ನೋವರೆಗೂ ನೀರಿಗೆ ಇಳಿಸೋದು ಬೇಡ."

ಗಂಡನಿಗೆ ಫೋನ್ ಮಾಡಲು ಓಡಿದಳು. ಸುತ್ತಿಗೆ ಅವಳ ಕೈಯಲ್ಲೇ ಇತ್ತು. ನಾನು ವಾಪಸ್ ಕೇಳಲಿಲ್ಲ.