ಮುಕ್ಕು ಹಲ್ಲಿನ ಸ್ವರ

ಡ್ರಿಲ್ಲಿನ ಕಿರ್ರನೆಯ ಸದ್ದು ಮೇಲಿನ ಪಂಚಮಕ್ಕಿಂತ ಒಂದು ಕೂದಲೆಳೆ ಕೆಳಗಿದೆ, ಹಲ್ಲಿಗೆ ತಗುಲಿದ ಕೂಡಲೇ ಇನ್ನಷ್ಟು ಇಳಿದು ಕಿವಿಯ ಹಿಂದಿನ ಮೂಳೆಯೊಳಗೆ ಜುಂ ಅನ್ನುತ್ತದೆ, ಇದನ್ನೇ ಹಾಡುವ ಮೇಳಕ್ಕೆ ಕೊಟ್ಟರೆ ಹೇಗೆ, ಅಂದುಕೊಂಡಳು ಅವಳು, ಬಾಯಿ ಗವಿಯ ಹಾಗೆ ತೆರೆದು, ಕುರ್ಚಿಯಲ್ಲಿ ಒರಗಿ, ಕೊಳಲನ್ನು ಎದೆಗೆ ಅವುಚಿಕೊಂಡು — ಥೂ, ಹಲ್ಲು ಕೊರೆಸಿಕೊಳ್ಳುವಾಗಲೂ ಸ್ವರ ಕಟ್ಟುವ ಚಾಳಿ, ಅಲ್ಲಾಡಬೇಡ್ವೇ ಪೀಪಿ, ನಾಲಿಗೆ ಒಳಗಿಟ್ಕೋ, ಮಾಸ್ಕಿನೊಳಗಿಂದ ಅಕ್ಕನ ದನಿ, ಊರಿಗೆಲ್ಲ ಹಲ್ಲಿನ ಡಾಕ್ಟರು, ಇವಳ ಪಾಲಿಗೆ ಮಾತ್ರ ಈಗಲೂ ತಲೆ ಬಾಚಿದ ಕೈ, ಗದ್ದ ಹಿಡಿದರೆ ಬಿಡಿಸಿಕೊಳ್ಳುವಂತಿಲ್ಲ, ಶಾಲೆಯ ನಲ್ಲಿಗೆ ಬಾಯಿಟ್ಟು ನೀರು ಕುಡಿಯುವಾಗ ಹಿಂದಿನಿಂದ ಯಾರೋ ನೂಕಿ ಮುಕ್ಕಾದ ಮುಂದಿನ ಹಲ್ಲು, ಆ ಮುಕ್ಕಿನ ಜೊತೆಗೇ ಕೊಳಲು ಕಲಿತದ್ದು, ಕಳೆದ ತಿಂಗಳು ಅದು ಬುಡಕ್ಕೇ ಮುರಿದಾಗ ಅಕ್ಕನೇ ಪಕ್ಕದ ಹಲ್ಲಿನ ಬಣ್ಣಕ್ಕೆ ಬಣ್ಣ ಹೊಂದಿಸಿ ಹೊಸದೊಂದನ್ನು ಕೂರಿಸಿದಳು, ನೋಡೀಗ, ಫೋಟೊದಲ್ಲಿ ಇನ್ನು ತುಟಿ ಬಿಗಿದು ನಿಲ್ಲೋದು ಬೇಡ, ಅಮ್ಮನ ನಗು ಬಂದಿದೆ ನಿಂಗೆ, ಅಂದು ತಾನೇ ಕಣ್ಣೊರೆಸಿಕೊಂಡಳು, ನಗು ಬಂತು, ಸ್ವರ ಹೋಯಿತು.

ಶಾಸ್ತ್ರೀಯ ಸಂಗೀತದವರ ಹತ್ತಿರ ನೆಗಡಿ ಅಂತ ತಪ್ಪಿಸಿಕೊಂಡದ್ದಾಯಿತು, ಜಾಝ್ ಕ್ಲಬ್ಬಿನ ದಢೂತಿ, ದಪ್ಪ ದನಿಯ ತಂತಿವಾದ್ಯ ಬಾಸ್ ನುಡಿಸುವವನು, ಬಿಡುತ್ತಾನೆಯೇ, ಏನ್ರೀ ಇದು, ಸೈಕಲ್ ಟ್ಯೂಬಿಂದ ಗಾಳಿ ಬಿಟ್ಟ ಹಾಗಿದೆ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಆ ಹೊಸ ನಗು, ಮೇಲಿನ ಸ್ವರಗಳು ಹೇಗೋ ನಿಲ್ಲುತ್ತವೆ, ಮಂದ್ರ ಮಾತ್ರ ಇಲ್ಲ, ತುಟಿ ಆ ಮುಕ್ಕಿನೊಳಗೆ ಒಂದಿಷ್ಟು ಕೂತು ಉಸಿರನ್ನು ಸಣ್ಣಗೆ ಮಾಡುತ್ತಿತ್ತಲ್ಲ, ಈಗ ಕೂರಲು ಜಾಗವೇ ಇಲ್ಲ, ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅವಳ ಸ್ತುತಿಗೀತೆ ಶುರುವಾಗುವುದೇ ಆ ಮಂದ್ರದಿಂದ, ಮೊದಲು ಒಂಟಿ ಕೊಳಲು, ಅದರ ನೆರಳಿನಂತೆ ದಢೂತಿಯ ಬಾಸ್, ಆಮೇಲೆ ಇಡೀ ಮೇಳ, ಅಮ್ಮ ಹೋದ ಮೇಲೆ ವರ್ಷವೆಲ್ಲ ಕೂತು ಕಟ್ಟಿದ್ದು, ಬೇರೆ ಯಾರಾದರೂ ನುಡಿಸಬಹುದು, ನುಡಿಸಲು ಕೊಟ್ಟು ತಾನು ಸಭೆಯಲ್ಲಿ ಕೂತು ಕೇಳುವುದು, ಅಯ್ಯೋ, ಆದರೆ ಅಕ್ಕನಿಗೆ ಹೇಳುವುದು ಹೇಗೆ, ಹೇಳಲಿಲ್ಲ, ನಿನ್ನೆ ಮನೆಗೆ ಬಂದ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು, ಒಳಗೆ ನುಡಿಸ್ತಿದ್ದದ್ದು ಯಾರೇ, ನಾನೇ, ಸುಳ್ಳು ಹೇಳಬೇಡ, ನೀನಲ್ಲ — ರಾಗ ತಾಳ ಒಂದೂ ತಿಳಿಯದವಳು, ಒಂದೇ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಾ ದಿಂಬು ಎಸೆಯುತ್ತಿದ್ದವಳು, ಸಾಕು ನಿಲ್ಸೇ, ತಲೆ ಚಿಟ್ಟು ಹಿಡೀತು — ಬಾಯಿ ತೆಗೆ ಅಂದಳು, ನೋಡಿದಳು, ಮೊದಲು ಮುಕ್ಕಿದ್ದ ಜಾಗವನ್ನು ಹೆಬ್ಬೆರಳಲ್ಲಿ ಸವರಿದಳು, ನಾಳೆ ಬಾ, ಕೊಳಲೂ ತಾ.

ಈಗ ಕೊರೆಯುತ್ತಿದ್ದಾಳೆ, ತಾನು ಕೈಯಾರೆ ಮಾಡಿದ್ದನ್ನೇ, ಚೂರು ಕೊರೆದು ಊದು ಅನ್ನುತ್ತಾಳೆ, ಊದಿದರೆ ಬರೀ ಗಾಳಿ, ಅಲ್ಲ, ಮತ್ತೆ ಚೂರು, ಊದು, ಅಲ್ಲ, ಅಕ್ಕನ ಕನ್ನಡಕದ ಮೇಲೆ ಬಿಳಿ ಪುಡಿ, ಹೊರಗೆ ಕಾದು ಕೂತವರು ಏನಂದುಕೊಂಡಾರು, ಹಲ್ಲು ಕೀಳಿಸಲು ಬಂದರೆ ಒಳಗೆ ಕಚೇರಿ, ಹೆಚ್ಚು ಕೊರೆದರೆ ಒಡೆಯುತ್ತದೆ, ಒಡೆದರೆ ಭಾನುವಾರಕ್ಕೆ ನಗುವೂ ಇಲ್ಲ ಸ್ವರವೂ ಇಲ್ಲ, ಸಾಕು ಅನ್ನೋಣವೆಂದರೆ ಬಾಯಿ ತುಂಬ ಅವಳ ಬೆರಳು, ಬೆರಳು ತೆಗೆದ ಕೂಡಲೇ, ಅಮ್ಮನ ನಗು ಹೋಗತ್ತೆ ಅಕ್ಕಾ, ಹೋದ್ರೆ ಹೋಗ್ಲಿ, ಅಡುಗೆ ಬಿಟ್ಟು ಬಂದು ನಿನ್ನ ಪಕ್ಕ ಕೂರ್ತಿದ್ದಳಲ್ಲ ಅಮ್ಮ, ನಿನ್ನ ಹಲ್ಲು ನೋಡೋಕಾ, ತೆಗೆ ಬಾಯಿ, ಕಿರ್ರ್, ಮತ್ತೆ ಪುಡಿ, ಊದು, ತುಟಿ ತನ್ನಷ್ಟಕ್ಕೆ ಎಲ್ಲೋ ಕೂತಿತು, ಕೊಳಲಿನ ತುದಿಯವರೆಗೂ ಬೆಚ್ಚಗೆ ಏನೋ ಇಳಿಯಿತು, ಇದೇ ಇರಬಹುದೇ ಆ ಮಂದ್ರ, ಊದುತ್ತಲೇ ಇದ್ದಾಳೆ, ಅಕ್ಕ ಅಲ್ಲ ಅನ್ನುತ್ತಿಲ್ಲ, ಡ್ರಿಲ್ಲು ಹಿಡಿದ ಕೈ ಮಡಿಲಿಗಿಳಿದಿದೆ, ಕನ್ನಡಕದ ಗಾಜಿನ ಮೇಲೆ ಬಿಳಿ ಪುಡಿ, ಒರೆಸಿಕೊಳ್ಳುತ್ತಿಲ್ಲ, ಬಿಳಿ ಪುಡಿ, ಅದರ ಹಿಂದೆ ಮುಚ್ಚಿದ ಕಣ್ಣು